ಲೋಟ ಇಡುವ ಮುಂಚಿನ ಪ್ರಶ್ನೆ

ನಾಗಮಣಿ ಸೌಟಿನಿಂದ ಹೊಡೆದಾಗ ಸೌಟಿನ ತುಂಬ ಸಾರು ಇತ್ತು. ಹಾಗಾಗಿ ನಂದಿತಾಗೆ ಮೊದಲು ಸುಟ್ಟಿತು, ಆಮೇಲೆ ನೋವಾಯಿತು. ಭುಜದಿಂದ ನಾಲ್ಕು ಬೇಳೆ ಜಾರಿ ರವಿಕೆಯೊಳಗೆ ಇಳಿದವು. ಅವಳು ಅಲ್ಲಾಡಲಿಲ್ಲ. ಅಲ್ಲಾಡಿದರೆ ಇನ್ನೊಂದು ಬೀಳುತ್ತದೆ ಎಂದು ಎರಡು ವರ್ಷದಲ್ಲಿ ಕಲಿತಿದ್ದಳು.

"ಉಪ್ಪು ಹಾಕಿದ್ದೀಯೋ ಇಲ್ವೋ ಅಂತ ಕೇಳಿದೆ. ಬಾಯಲ್ಲೇನು ಕಡುಬು ಇಟ್ಕೊಂಡಿದ್ದೀಯಾ?"

"ಹಾಕಿದ್ದೀನಿ ಅತ್ತೆ."

"ಎರಡು ಸಲ ಹಾಕಿದ್ದೀಯ. ನಿಮ್ಮಪ್ಪನ ಮನೆ ಸಮುದ್ರ ಅನ್ಕೊಂಡ್ಯಾ?"

ನಡುಮನೆಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದ ಮಾವ ಭೋಜರಾಜ ಅಲ್ಲಿಂದಲೇ ಅಂದ, "ನಂಗೆ ಸರಿಯಾಗೇ ಇದೆಯಲ್ಲ ಸಾರು."

"ನಿಮ್ಮ ನಾಲಿಗೇನೂ ಆ ಲೇತ್ ಮೆಷಿನ್ನಿಗೇ ಹೋಯ್ತು, ಬೆರಳಿನ ಜೊತೆ."

ಭೋಜರಾಜನ ಬಲಗೈಯಲ್ಲಿ ಎರಡೇ ಬೆರಳು. ಮಿಕ್ಕ ಮೂರನ್ನು ಕಾರ್ಖಾನೆಯ ಮೆಷಿನ್ನು ಹತ್ತು ವರ್ಷದ ಹಿಂದೆ ತಿಂದಿತ್ತು. ಅದಕ್ಕೂ ಮುಂಚೆ ಆ ಕೈ ಹನ್ನೆರಡು ವರ್ಷ ನಾಗಮಣಿಯ ಬೆನ್ನಿನ ಮೇಲೆ ಆಡಿತ್ತಂತೆ. ಅದನ್ನು ನಂದಿತಾಗೆ ಹೇಳಿದವಳು ನಾಗಮಣಿಯೇ. ಇವತ್ತು ತರಕಾರಿ ಅಗ್ಗ ಎಂದು ಹೇಳಿದ ಹಾಗೆ ಹೇಳಿದ್ದಳು.

ಇದೇ ನಾಗಮಣಿ ಬೆಳಗ್ಗೆ ಏಳು ಗಂಟೆಗೆ ಶೆಡ್ಡಿನ ಗೇಟು ದಾಟಿದರೆ ಬೇರೆಯೇ ಹೆಂಗಸು.

ಮದ್ರಾಸಿನ ಅಂಬತ್ತೂರು ಕೈಗಾರಿಕಾ ಎಸ್ಟೇಟಿನ ಹಿಂದಿನ ಓಣಿಯಲ್ಲಿ, ಬಾಗಿಲು ಹಾಕಿದ್ದ ಒಂದು ಬೋಲ್ಟು ಕಾರ್ಖಾನೆಯ ತಗಡಿನ ಶೆಡ್ಡು ಅದು. ಹೊರಗೆ 'ತಟ್ಟೆ ಸಂಘ' ಎಂದು ತಮಿಳಿನಲ್ಲಿ, ಅದರ ಕೆಳಗೆ ಚಿಕ್ಕದಾಗಿ ಕನ್ನಡದಲ್ಲಿ ಬೋರ್ಡು. ಮದುವೆ, ಸೀಮಂತ, ಆಫೀಸಿನ ಊಟ ಯಾವುದೇ ಇರಲಿ, ಪ್ಲಾಸ್ಟಿಕ್ಕಿನ ಬದಲು ಸ್ಟೀಲಿನ ತಟ್ಟೆ ಲೋಟ ಬಾಡಿಗೆಗೆ ಕೊಡುವುದು, ಎಂಜಲಾಗಿ ಬಂದದ್ದನ್ನು ತೊಳೆದು ಇನ್ನೊಂದು ಮದುವೆಗೆ ಕಳಿಸುವುದು, ಇದು ಅಲ್ಲಿಯ ಕೆಲಸ. ಒಂದು ಮಳೆಗಾಲ ಓಣಿಗೆ ಸೊಂಟದ ಮಟ್ಟ ನೀರು ನುಗ್ಗಿದಾಗ, ಮೋರಿಯ ಬಾಯಿಗೆ ಕೈ ಹಾಕಿ ಗೋಣಿಗಟ್ಟಲೆ ಪ್ಲಾಸ್ಟಿಕ್ ಲೋಟ ಎಳೆದು ಹಾಕಿದ ಹೆಂಗಸರೇ ಆಮೇಲೆ ಕೂಡಿ ಇದನ್ನು ಕಟ್ಟಿದ್ದರು. ಅಲ್ಲಿ ಯಜಮಾನ ಅಂತ ಯಾರೂ ಇರಲಿಲ್ಲ. ಏಳು ಜನ ಹೆಂಗಸರು, ಏಳೂ ಜನ ಒಡತಿಯರು.

ತೊಳೆಯುವುದಕ್ಕೆ ಮೂರು ತೊಟ್ಟಿ. ಮೊದಲನೆಯದು ಎಂಜಲು ತೊಟ್ಟಿ. ಹಳಸಿದ ಪಾಯಸ, ಕಚ್ಚಿಬಿಟ್ಟ ವಡೆ, ಎಲ್ಲ ಅದಕ್ಕೆ. ಎರಡನೆಯದರಲ್ಲಿ ಅಂಟುವಾಳದ ನೀರು, ತೆಂಗಿನ ನಾರು. ಮೂರನೆಯದು ಬಿಸಿನೀರು. ಎಂಜಲು ತೊಟ್ಟಿಗೆ ಯಾರೂ ಆಸೆಪಟ್ಟು ಬರುವುದಿಲ್ಲ. ಹಾಗಾಗಿ ಗೋಡೆಯ ಮೇಲೆ ಸರದಿ ಬರೆದಿತ್ತು. ನಾಗಮಣಿ ತನ್ನ ಸರದಿ ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಮನೆಯಲ್ಲಿ ತಾನು ಉಂಡ ತಟ್ಟೆಯನ್ನೂ ಎತ್ತದ ಹೆಂಗಸು ಅಲ್ಲಿ ಮೊಣಕೈವರೆಗೆ ಊರವರ ಎಂಜಲಿನಲ್ಲಿ ಮುಳುಗಿ, "ನೋಡ್ರಮ್ಮಾ, ಯಾವನೋ ಪುಣ್ಯಾತ್ಮ ಬೀಡಾ ಅಗಿದು ಲೋಟಕ್ಕೆ ಉಗುಳಿದ್ದಾನೆ, ಸಂಬಂಧ ಚೆನ್ನಾಗಿ ಕುದುರಿದೆ!" ಎಂದು ಎಲ್ಲರನ್ನೂ ನಗಿಸುತ್ತಿದ್ದಳು. ತೊಳೆದ ನೀರು ಹಿತ್ತಲಿನ ಬಾಳೆಗಿಡಗಳಿಗೆ ಹೋಗುತ್ತಿತ್ತು. ಗೊನೆ ಬಂದರೆ ಓಣಿಯ ಅಂಗನವಾಡಿಗೆ.

ಶೆಡ್ಡಿನ ಗೋಡೆಗೆ ಒಂದು ಹಲಗೆ. ಅದರ ಮೇಲೆ ಏಳು ಲೋಟ, ಒಂದೊಂದರ ಮೇಲೂ ಒಬ್ಬೊಬ್ಬಳ ಹೆಸರು ಕೊರೆದದ್ದು. ಏನಾದರೂ ತೀರ್ಮಾನ ಆಗಬೇಕೆಂದರೆ ಎಲ್ಲರೂ ಸುತ್ತ ಕೂತು ಲೋಟ ಮುಂದಿಡಬೇಕು. ನೆಟ್ಟಗೆ ಇಟ್ಟರೆ ಬೇಕು. ಕವುಚಿ ಇಟ್ಟರೆ ಬೇಡ. ಸಮ ಬಿದ್ದರೆ ಬೇಡ ಅಂತಲೇ.

ಲೋಟ ಇಡುವ ಮುಂಚೆ ಎಲ್ಲರಿಗಿಂತ ಹಿರಿಯಳಾದ, ಎಲ್ಲರೂ ತಮಿಳಿನಲ್ಲಿ ಅಜ್ಜಿ ಎಂದು ಕರೆಯುವ ಜಯಲಕ್ಷ್ಮೀ ಪಾಟಿ ಒಬ್ಬೊಬ್ಬರ ಎದುರೂ ನಿಂತು ಕೇಳುತ್ತಿದ್ದಳು, "ಈ ಲೋಟಕ್ಕೋಸ್ಕರ ನಿನ್ನ ಮೇಲೆ ಯಾರಾದರೂ ಕೈ ಎತ್ತಿದರಾ?"

ಆ ಪ್ರಶ್ನೆ ಹುಟ್ಟಿದ್ದು ಸಂಘದ ಮೊದಲನೇ ವರ್ಷ. ಒಬ್ಬಳ ಗಂಡ ತನ್ನ ಸೈಟಿನಲ್ಲೇ ಶೆಡ್ಡು ಹಾಕಿಸಬೇಕೆಂದು ಅವಳ ಹಲ್ಲು ಮುರಿದಿದ್ದ. ಅವಳು ರಕ್ತದ ಬಾಯಲ್ಲೇ ಬಂದು ಲೋಟ ನೆಟ್ಟಗೆ ಇಟ್ಟಳು. ಆಗ ನಾಗಮಣಿ ಎದ್ದು ನಿಂತು, "ಹೊಡೆದು ಇಡಿಸಿದ ಲೋಟ ನಮಗೆ ಬೇಡ" ಎಂದಳು. ಅವಳೇ ಹೇಳಿ ಗೋಡೆಯ ಮೇಲೆ ಬರೆಸಿದಳು. ಹೊಡೆದವನು ಹೊರಗಿನವನಾದರೆ ಅವನು ಕೇಳಿದ ಮಾತು ಒಂದು ವರ್ಷ ಸಂಘದ ಮುಂದೆ ಬರಕೂಡದು. ಹೊಡೆದವಳು ಒಡತಿಯೇ ಆದರೆ ಅವಳ ಲೋಟ ಒಂದು ವರ್ಷ ಹಲಗೆಯಿಂದ ಇಳಿಯಬೇಕು. ಕೆಲಸ ಉಂಟು, ಕೂಲಿ ಉಂಟು, ಮಾತಿಲ್ಲ.

ಆಮೇಲೆ ಎಷ್ಟು ಸಲ ಕೇಳಿದರೂ ಎಲ್ಲರದೂ ಒಂದೇ ಉತ್ತರ. ಇಲ್ಲ, ಇಲ್ಲ, ಇಲ್ಲ. ಒಂದು ವರ್ಷದಿಂದ ದಿನಗೂಲಿಗೆ ಬರುತ್ತಿದ್ದ ನಂದಿತಾ ನಲ್ಲಿಯ ಹತ್ತಿರ ಕೂತು ಅದನ್ನು ನೋಡುತ್ತಿದ್ದಳು. ಒಂದು ಸಲ ಒಡತಿಯರಲ್ಲೊಬ್ಬಳಾದ ಸಮೀಕ್ಷಾಳ ಎಡಗಣ್ಣು ಬದನೆಕಾಯಿ ಹಾಗೆ ಊದಿತ್ತು. ಆದರೂ ಅವಳು "ಇಲ್ಲ ಪಾಟಿ, ಬಾತ್‌ರೂಮಲ್ಲಿ ಜಾರಿದೆ" ಎಂದಳು. ಪಾಟಿ ಮುಂದಕ್ಕೆ ಹೋದಳು.

ಸೌಟಿನ ಏಟು ಬಿದ್ದ ವಾರದಲ್ಲೇ ನಂದಿತಾಗೂ ಲೋಟ ಬಂತು. ವರ್ಷ ತುಂಬಿದ ಕೂಲಿಯವರು ಒಡತಿಯರಾಗಬಹುದು. ಪಾತ್ರೆ ಅಂಗಡಿಗೆ ನಾಗಮಣಿಯೇ ಕರೆದುಕೊಂಡು ಹೋದಳು. ಹುಡುಗ ಮೆಷಿನ್ನಿನ ಸೂಜಿಯಲ್ಲಿ ಟರ್ರ್ ಎಂದು ಹೆಸರು ಕೊರೆದುಕೊಟ್ಟ.

ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟ ಮೇಲೆ ನಂದಿತಾಳ ಹೆಸರನ್ನು ಯಾರೂ ಎಲ್ಲೂ ಬರೆದಿರಲಿಲ್ಲ, ಮದುವೆ ಪತ್ರಿಕೆ ಒಂದು ಬಿಟ್ಟು. ಕೊಳ್ಳೇಗಾಲದ ಅಣ್ಣ ಮದುವೆ ಮಾಡಿ ಬಸ್ಸು ಹತ್ತಿಸಿದವನು ಮತ್ತೆ ಈ ಕಡೆ ಬಂದಿರಲಿಲ್ಲ. ಅವಳು ಲೋಟವನ್ನು ಸೆರಗಿನಲ್ಲಿ ಸುತ್ತಿ ಮನೆಗೆ ತಂದಳು. ರಾತ್ರಿ ಊಟಕ್ಕೆ ಕೂತಾಗ ಗಂಡ ಅಮಿತ್ ಅದನ್ನು ಕೈಯಲ್ಲಿ ತಿರುಗಿಸಿ ನೋಡಿದ.

"ಸೂಪರ್. ಈಗ ನಮ್ಮನೇಲಿ ಎರಡು ಓಟು."

"ಎರಡಲ್ಲ. ನಂದೊಂದು, ಅವಳದೊಂದು" ಎಂದಳು ನಾಗಮಣಿ.

"ಅದೇ ಅಮ್ಮಾ ನಾನು ಹೇಳಿದ್ದು. ಎರಡು."

ಭೋಜರಾಜ ಮಜ್ಜಿಗೆ ಕಲಸುತ್ತ, "ಹಂಗಾದ್ರೆ ನಂದೆಲ್ಲಿ?" ಎಂದ.

"ನಿಮ್ಮದು ಬೆಳ್ಳುಳ್ಳಿ" ಎಂದಳು ನಾಗಮಣಿ. ಎಲ್ಲರೂ ನಕ್ಕರು. ನಂದಿತಾಳೂ ನಕ್ಕಳು. ಭುಜದ ಗುಳ್ಳೆ ಒಡೆದು ರವಿಕೆಗೆ ಅಂಟಿತ್ತು.

ಅಮಿತ್ ಸಂಘದ ವ್ಯಾನು ಓಡಿಸುತ್ತಿದ್ದ. ಮದ್ರಾಸಿನಲ್ಲಿ 'ಚಿನ್ನ ಯಾನೈ', ಚಿಕ್ಕ ಆನೆ, ಎಂದು ಕರೆಯುವ ಆ ಪುಟ್ಟ ಗೂಡ್ಸು ಗಾಡಿ. ಅವನು ಹುಟ್ಟಿದ್ದು ಬೆಳೆದದ್ದು ಇಲ್ಲೇ. ಅಮ್ಮ ಕನ್ನಡದಲ್ಲಿ ಬೈದರೆ ತಮಿಳಿನಲ್ಲಿ ಉತ್ತರ ಕೊಡುವುದು, ಸಿಟ್ಟು ಜಾಸ್ತಿಯಾದರೆ ಎರಡನ್ನೂ ಕಲಸುವುದು. ಅವನೇ ಮುಂದಿನ ವಾರ ಸದಾನಂದನ ಮಾತು ತಂದ.

ಪೋರೂರಿನ ಕಡೆ ನಾಲ್ಕು ಕಲ್ಯಾಣ ಮಂಟಪ ನೋಡಿಕೊಳ್ಳುವ ಮ್ಯಾನೇಜರು ಸದಾನಂದ. ವರ್ಷಪೂರ್ತಿ ಎಲ್ಲ ಮಂಟಪಗಳ ತಟ್ಟೆ ಲೋಟ ಸಂಘಕ್ಕೇ ಕೊಡುತ್ತಾನಂತೆ. ಒಂದೇ ಷರತ್ತು. ಅಂಬತ್ತೂರಿಗೆ ತಂದು ಅಂಟುವಾಳದಲ್ಲಿ ಉಜ್ಜುತ್ತ ಕೂರುವುದೆಲ್ಲ ಆಗುವುದಿಲ್ಲ. ಮಂಟಪದ ಹಿಂದೆಯೇ, ಅವನು ಕೊಡುವ ಆಸಿಡ್ಡಿನಂಥ ದ್ರಾವಣದಲ್ಲಿ ಅದ್ದಿ, ಮೂರು ಗಂಟೆಯೊಳಗೆ ಮುಂದಿನ ಪಂಕ್ತಿಗೆ ಕೊಡಬೇಕು. ಕೆಲಸ ನೋಡಿಕೊಳ್ಳುವ ಸೂಪರ್‌ವೈಸರು ಅಮಿತ್.

ನಂದಿತಾ ಅಲ್ಲಿಗೆ ಒಂದು ಸಲ ವ್ಯಾನಿನಲ್ಲಿ ಹೋಗಿದ್ದಳು. ಮಂಟಪದ ಹಿಂದಿನ ಕಾಲುವೆಯಲ್ಲಿ ಮೊಣಕಾಲೆತ್ತರ ಬಿಳಿ ನೊರೆ ನಿಂತಿತ್ತು. ನೀರು ಹೋಗಿ ಕೆರೆ ಸೇರುತ್ತಿತ್ತು. ಪಾತ್ರೆ ತೊಳೆಯುತ್ತಿದ್ದ ಹೆಂಗಸೊಬ್ಬಳು ಬೀಡಿ ಹಚ್ಚಲು ಕಡ್ಡಿ ಗೀರಲಾಗದೆ ನಂದಿತಾಳ ಕೈಗೆ ಬೆಂಕಿಪೊಟ್ಟಣ ಕೊಟ್ಟಳು. ಅವಳ ಅಂಗೈಯಲ್ಲಿ ಗೆರೆಗಳೇ ಇರಲಿಲ್ಲ. ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಎದ್ದಿತ್ತು. ಇದನ್ನು ನಂದಿತಾ ಯಾರಿಗೂ ಹೇಳಲಿಲ್ಲ. ಯಾರೂ ಅವಳನ್ನು ಕೇಳಲೂ ಇಲ್ಲ.

ಸಂಘದಲ್ಲಿ ಮಾತು ಎರಡು ಹೋಳಾಯಿತು. ಸಮೀಕ್ಷಾ ಮತ್ತು ಇನ್ನು ಮೂವರು ಬೇಕು ಅಂದರು. ನಾಗಮಣಿ, ಪಾಟಿ, ಇನ್ನೊಬ್ಬಳು ಬೇಡ ಅಂದರು. ನಾಲ್ಕಕ್ಕೆ ಮೂರು. ಎಂಟನೆಯ ಲೋಟ ಕವುಚಿದರೆ ಸಮ, ಮಾತು ಬಿದ್ದುಹೋಗುತ್ತದೆ. ಲೋಟ ಇಡುವ ದಿನ ಮುಂದಿನ ಶುಕ್ರವಾರ ಎಂದು ನಿಂತಿತು.

ಮನೆಯಲ್ಲಿ ಅವತ್ತಿನಿಂದ ಅನ್ನ ಯಾರಿಗೂ ಸರಿಯಾಗಿ ಇಳಿಯಲಿಲ್ಲ.

"ಕೆರೆ, ಕಾಲುವೆ! ಕೆರೆ ಬಂದು ನಿಂಗೆ ಸೋರು ಪೋಡುಮಾ ಅಮ್ಮಾ? ಅನ್ನ ಹಾಕುತ್ತಾ?" ಎಂದು ಅಮಿತ್ ಕೂಗಿದ.

"ಅವತ್ತು ಇದೇ ಬಾಗಿಲಲ್ಲಿ ನೀರು ನಿಂತಾಗ ನೀನು ಅಟ್ಟದ ಮೇಲೆ ಕೂತು ಗೊಳೋ ಅಂತಿದ್ದೆಯಲ್ಲೋ. ಮೋರಿಗೆ ಕೈ ಹಾಕಿದವಳು ನಾನು."

"ಅದನ್ನೇ ಎಷ್ಟು ವರ್ಷ ಹೇಳ್ತೀಯ?"

"ಸಾಯೋವರೆಗೂ."

"ಬೇಗ ಸಾಯಿ ಹಂಗಾದ್ರೆ!"

ನಾಗಮಣಿ ಒಲೆಯ ಮೇಲಿದ್ದ ಇಕ್ಕಳ ಎಸೆದಳು. ಅದು ಅಮಿತನ ಕಿವಿಯ ಪಕ್ಕದಲ್ಲಿ ಹಾದು ಕ್ಯಾಲೆಂಡರಿಗೆ ತಗುಲಿತು. ಅವನು ಚಪ್ಪಲಿ ಮೆಟ್ಟಿ ಹೋದ. ಭೋಜರಾಜ ಎದ್ದು ಕ್ಯಾಲೆಂಡರು ನೆಟ್ಟಗೆ ಮಾಡಿದ.

ಸೋಮವಾರ ಮಧ್ಯಾಹ್ನ ಅಮಿತ್ ಊಟಕ್ಕೆ ಬಂದಾಗ ನಾಗಮಣಿ ಶೆಡ್ಡಿನಲ್ಲಿದ್ದಳು. ನಂದಿತಾ ಬಡಿಸಿದಳು. ಅನ್ನ, ಹುರುಳಿ ಸಾರು, ಹಪ್ಪಳ.

"ಶುಕ್ರವಾರ ಲೋಟ ಹೇಗಿಡ್ತೀಯ?"

ಅವಳು ಇನ್ನೊಂದು ಸೌಟು ಸಾರು ಬಡಿಸಿದಳು.

"ಕೇಳಿದ್ದಕ್ಕೆ ಹೇಳು ಡೀ. ಹೇಗಿಡ್ತೀಯ?"

"ಅಲ್ಲಿ ಆ ಹೆಂಗಸಿನ ಕೈ..." ಎಂದಳು ನಂದಿತಾ, ಮೊಟ್ಟಮೊದಲ ಸಲ. "ಅಂಗೈಯೆಲ್ಲ ಕಿತ್ತುಹೋಗಿತ್ತು ರೀ."

ತಟ್ಟೆ ಅನ್ನ ಸಮೇತ ಹಾರಿ ಬಂತು. ಸ್ಟೀಲಿನ ಅಂಚು ಅವಳ ಹುಬ್ಬಿನ ಮೇಲೆ ಕಚ್ಚಿತು. ರಕ್ತಕ್ಕಿಂತ ಮುಂಚೆ ಸಾರು ಕಣ್ಣಿಗೆ ಇಳಿದು ಉರಿಯಿತು. ಅವನು ಜುಟ್ಟು ಹಿಡಿದು ಅವಳ ತಲೆಯನ್ನು ಗೋಡೆಗೆ ಒಂದು ಸಲ, ಎರಡು ಸಲ ಬಡಿದ. ಮೂರನೆಯದಕ್ಕೆ ಭೋಜರಾಜ "ಲೋ, ಸತ್ತುಹೋಗ್ತಾಳೆ ಕಣೋ!" ಎಂದು ಬಾಗಿಲಲ್ಲಿ ಬಂದು ನಿಂತ.

"ನೆಟ್ಟಗೆ ಇಡ್ತೀಯಾ?"

"ಇಡ್ತೀನಿ."

"ಏನು ಇಡ್ತೀಯ?"

"ಲೋಟ. ನೆಟ್ಟಗೆ."

ಅಮಿತ್ ಕೈ ತೊಳೆದುಕೊಂಡು ಹೋದ. ನಂದಿತಾ ನೆಲದ ಮೇಲಿನ ಅನ್ನ ಬಳಿದಳು. ಗೋಡೆ ಒರೆಸಿದಳು. ಆ ತಟ್ಟೆಯ ಅಂಚು ಸೊಟ್ಟಗಾಗಿತ್ತು. ಸೊಟ್ಟಗಾದದ್ದನ್ನು ಸಂಘ ಬಾಡಿಗೆಗೆ ಕಳಿಸುವುದಿಲ್ಲ, ಒಡತಿಯರು ಮನೆಗೆ ಒಯ್ಯುತ್ತಾರೆ. ಮನೆಯಲ್ಲಿದ್ದ ತಟ್ಟೆಗಳೆಲ್ಲ ಅಂಥವೇ.

ಸಂಜೆ ಹುಬ್ಬಿಗೆ ಕಾಫಿಪುಡಿ ಒತ್ತಿಕೊಂಡು ಕೂತಿದ್ದ ಸೊಸೆಯನ್ನು ನೋಡಿ ನಾಗಮಣಿ ಒಲೆ ಹಚ್ಚಿದಳು. ಚಪಾತಿ ಹಿಟ್ಟು ಮುಂದಿಟ್ಟು, "ಲಟ್ಟಿಸು" ಎಂದಳಷ್ಟೆ. ಭೋಜರಾಜನೇ ಬಾಯಿಬಿಟ್ಟ.

"ಮಗ ಅಪ್ಪನ್ನ ಮೀರಿಸ್ದ ಕಣೆ. ನಾನು ಉಣ್ಣೋ ತಟ್ಟೇಲಿ ಯಾವತ್ತೂ ಹೊಡೆದಿರಲಿಲ್ಲ."

"ಯಾಕೆ ಹೊಡೆದ?"

"ಲೋಟಕ್ಕೆ. ಇವಳು ನೆಟ್ಟಗೆ ಇಡ್ತೀನಿ ಅಂತ ಒಪ್ಪಿಕೊಂಡಳು."

ನಾಗಮಣಿ ತಿರುಗಿದಳು. "ಒಪ್ಪಿಕೊಂಡ್ಯಾ?"

"ಹೊಡೀತಿದ್ರು ಅತ್ತೆ, ಅದಕ್ಕೆ..."

"ನಾನು ಹನ್ನೆರಡು ವರ್ಷ ತಿಂದೆ. ಯಾವತ್ತಾದರೂ ಒಪ್ಪಿಕೊಂಡೆನಾ? ಕೇಳು ನಿಮ್ಮಾವನ್ನ! ಒಂದು ಮಧ್ಯಾಹ್ನಕ್ಕೆ ಸಂಘ ಮಾರಿಬಿಟ್ಟೆಯಲ್ಲೇ! ನಾನು ಕಟ್ಟಿದ್ದನ್ನ!"

ನಂದಿತಾಳ ಕೈ ಮಣೆಯ ಮೇಲಿತ್ತು. ನಾಗಮಣಿ ಲಟ್ಟಣಿಗೆ ಕಿತ್ತುಕೊಂಡಳು. "ಈ ಬೆರಳಲ್ಲೇ ತಾನೇ ಇಡೋದು ನೆಟ್ಟಗೆ? ಈ ಬೆರಳಲ್ಲೇ ತಾನೇ?" ಒಂದೊಂದು ಮಾತಿಗೂ ಒಂದು ಏಟು. ಮೂರನೆಯ ಏಟಿಗೆ ಒಳಗೆಲ್ಲೋ ಕಡ್ಡಿ ಮುರಿದ ಸದ್ದು. ನಂದಿತಾ ಕಿರುಚಿದ್ದು ಕೇಳಿ ಎದುರು ಮನೆಯವರು ಟೀವಿಯ ಸದ್ದು ಏರಿಸಿದರು.

ಭೋಜರಾಜ ತನ್ನ ಎರಡು ಬೆರಳಿನ ಕೈ ಮುಂದೆ ಚಾಚಿದ. "ಬೆರಳು ಬೇಡ ಕಣೆ, ನಾಗಮಣಿ. ಬೆರಳಿಗೆ ಮಾತ್ರ ಬೇಡ."

ಆಗ ಅವಳು ನಿಲ್ಲಿಸಿದಳು. ಲಟ್ಟಣಿಗೆಯನ್ನು ನೋಡಿದಳು. ಆಮೇಲೆ ಅದೇ ಲಟ್ಟಣಿಗೆಯಲ್ಲಿ ಮಿಕ್ಕ ಚಪಾತಿ ತಾನೇ ಲಟ್ಟಿಸಿದಳು. ಆ ಚಪಾತಿಯನ್ನು ಎಲ್ಲರೂ ಉಂಡರು. ನಂದಿತಾ ಎಡಗೈಯಲ್ಲಿ ಉಂಡಳು.

ಶುಕ್ರವಾರ ಬೆಳಗ್ಗೆ ನಾಗಮಣಿ ಅವಳಿಗಿಂತ ಮುಂಚೆ ಎದ್ದು ಕಾಫಿ ಮಾಡಿದ್ದಳು. ಮದುವೆಯಾಗಿ ಬಂದ ಮೇಲೆ ನಂದಿತಾ ಆ ಮನೆಯಲ್ಲಿ ಬೇರೆಯವರು ಮಾಡಿದ ಕಾಫಿ ಕುಡಿದದ್ದು ಅದೇ ಮೊದಲು. ನಾಗಮಣಿ ಅರಿಶಿನ ಬಿಸಿ ಮಾಡಿ ಊದಿದ ಎರಡು ಬೆರಳಿಗೆ ಬಟ್ಟೆ ಸುತ್ತಿದಳು. ಮೆತ್ತಗೆ ಸುತ್ತಿದಳು. ಕೆಲಸ ಗೊತ್ತಿದ್ದ ಕೈ.

"ಪಾಟಿ ಕೇಳ್ತಾಳೆ. ಹೌದು ಅನ್ನು. ಅಮಿತ್ ಹೆಸರು ಹೇಳು. ನನ್ನ ಮಗ ಅಂತ ನೋಡ್ಬೇಡ, ನಾನೇ ಹೇಳ್ತಿದ್ದೀನಿ. ಅಷ್ಟು ಹೇಳಿದ್ರೆ ಸದಾನಂದನ ಮಾತು ಒಂದು ವರ್ಷ ಮಣ್ಣಾಗುತ್ತೆ."

"ನಿಮ್ಮದು ಅತ್ತೆ?"

"ನನ್ನದೇನು?"

ನಂದಿತಾ ಬಟ್ಟೆ ಸುತ್ತಿದ ಕೈ ನೋಡಿದಳು.

"ನಾನು ಹೊಡೆದದ್ದು ಸಂಘದ ಒಳ್ಳೇದಕ್ಕೆ. ಅವನು ಹೊಡೆದದ್ದು ಅವನ ಹೊಟ್ಟೆಪಾಡಿಗೆ. ಎರಡೂ ಒಂದೇನಾ?" ನಾಗಮಣಿಯ ದನಿ ಗಟ್ಟಿಯಾಯಿತು, ಮತ್ತೆ ತಗ್ಗಿತು. "ಕಾಫಿ ಆರುತ್ತೆ. ಕುಡಿ."

ಹೊರಗೆ ವ್ಯಾನು ತೊಳೆಯುತ್ತಿದ್ದ ಅಮಿತನಿಗೂ ಅವತ್ತು ಏನೋ ವಾಸನೆ ಹತ್ತಿತ್ತು. ನಂದಿತಾ ಹಾದುಹೋಗುವಾಗ ಬಕೆಟ್ಟಿನಿಂದ ತಲೆ ಎತ್ತದೆ ಅಂದ, "ಅಲ್ಲಿ ಏನಾದರೂ ವಾಯ್ ತೆರೆದರೆ, ಬಾಯಿ ಬಿಟ್ಟರೆ, ನಿನ್ನ ಪೆಟ್ಟಿಗೆ ಬೀದೀಲಿರುತ್ತೆ. ತೆರಿಯುದಾ, ಗೊತ್ತಾಯ್ತಾ?"

ಮೂರು ಗಂಟೆಗೆ ತೊಟ್ಟಿಗಳ ಕೆಲಸ ನಿಲ್ಲಿಸಿ ಎಂಟು ಜನ ಸುತ್ತ ಕೂತರು. ಒಂದು ಪಕ್ಕದಲ್ಲಿ ಶನಿವಾರದ ಮದುವೆಗೆ ತೊಳೆದು ಒರೆಸಿದ ಲೋಟಗಳ ಗೋಪುರ. ಅಮಿತ್ ಗೇಟಿನ ಹೊರಗೆ ವ್ಯಾನಿಗೆ ಒರಗಿ ನಿಂತಿದ್ದ. ಪಾಟಿ ಸೊಂಟ ಹಿಡಿದುಕೊಂಡು ಎದ್ದಳು. ಒಬ್ಬಳಿಂದ ಒಬ್ಬಳಿಗೆ ಬಂದಳು. ಇಲ್ಲ. ಇಲ್ಲ. ಇಲ್ಲ ಪಾಟಿ. ಸಮೀಕ್ಷಾ ಪ್ರಶ್ನೆ ಮುಗಿಯುವ ಮುಂಚೆಯೇ ಇಲ್ಲ ಅಂದಳು. ನಾಗಮಣಿ ನಕ್ಕು, "ನನ್ನ ಮೇಲೆ ಕೈ ಎತ್ತೋ ಗಂಡು ಈಗ ಬೆಳ್ಳುಳ್ಳಿ ಬಿಡಿಸ್ತಿದೆ" ಎಂದಳು. ಎಲ್ಲರೂ ನಕ್ಕರು.

ಪಾಟಿ ನಂದಿತಾಳ ಮುಂದೆ ನಿಂತಳು. ಹುಬ್ಬು ನೋಡಿದಳು. ಬಟ್ಟೆ ಸುತ್ತಿದ ಬೆರಳು ನೋಡಿದಳು.

"ಈ ಲೋಟಕ್ಕೋಸ್ಕರ ನಿನ್ನ ಮೇಲೆ ಯಾರಾದರೂ ಕೈ ಎತ್ತಿದರಾ ಮಗಳೇ?"

"ಹೌದು."

ಹೊರಗೆ ಎಲ್ಲೋ ಕಂಪನಿಯ ಸೈರನ್ನು ಕೂಗಿ ನಿಂತಿತು. ಪಾಟಿಗೆ ಮುಂದಿನ ಮಾತು ತಕ್ಷಣ ನೆನಪಾಗಲಿಲ್ಲ. ಅಷ್ಟು ವರ್ಷವಾಗಿತ್ತು ಅದನ್ನು ಕೇಳಿ.

"ಯಾರು?"

"ಅಮಿತ್. ಮಂಟಪದ ಕೆಲಸ ಬೇಕು ಅಂತ, ನೆಟ್ಟಗೆ ಇಡು ಅಂತ ಹೊಡೆದ್ರು."

ನಾಗಮಣಿ ಉಸಿರು ಬಿಟ್ಟದ್ದು ನಂದಿತಾಗೆ ಕೇಳಿಸಿತು. ಸಮೀಕ್ಷಾ ಲೋಟವನ್ನು ನೆಲಕ್ಕೆ ಕುಕ್ಕಿದಳು.

"ಬೇರೆ ಯಾರಾದರೂ?" ಎಂದಳು ಪಾಟಿ.

ಶೆಡ್ಡಿನಲ್ಲಿ ಅತ್ತೆ, ಸೊಸೆ, ಅಕ್ಕ, ತಂಗಿ ಎಂದು ಕರೆಯುವ ಪದ್ಧತಿ ಇರಲಿಲ್ಲ. ಪಾಟಿ ಒಬ್ಬಳನ್ನು ಬಿಟ್ಟು ಎಲ್ಲರಿಗೂ ಅವರವರ ಹೆಸರೇ, ಹಿರಿಯರಾದರೆ ಕೊನೆಗೊಂದು ಅಮ್ಮ. ಅದೂ ನಾಗಮಣಿಯೇ ಮಾಡಿದ ಪದ್ಧತಿ. ಎರಡು ವರ್ಷದಲ್ಲಿ ನಂದಿತಾ ಒಂದು ಸಲವೂ ಅತ್ತೆಯ ಹೆಸರನ್ನು ಬಾಯಿಂದ ಹೇಳಿರಲಿಲ್ಲ.

"ನಾಗಮಣಿಯಮ್ಮ" ಎಂದಳು. "ಕವುಚಿಡು ಅಂತ. ಲಟ್ಟಣಿಗೇಲಿ."

ನಾಗಮಣಿ ಎದ್ದ ರಭಸಕ್ಕೆ ಅವಳ ಮುಂದಿದ್ದ ಲೋಟ ಉರುಳಿತು. "ಥೂ, ಅನ್ನ ಹಾಕಿದ ಮನೆಗೆ! ಬೆಳಗ್ಗೆ ಕಾಫಿ ಮಾಡಿ ಕೊಟ್ಟೆನಲ್ಲೇ, ಲೋಫರ್ ಮುಂಡೆ!" ಅವಳ ಕೈ ಮೇಲೆ ಹೋಯಿತು. ಇಬ್ಬರು ಹಿಂದಿನಿಂದ ಹಿಡಿದರು. ಅವಳು ಕೊಸರಿಕೊಂಡು ಕಾಲಿನಿಂದ ಲೋಟಗಳ ಗೋಪುರಕ್ಕೆ ಒದ್ದಳು. ಐನೂರು ಲೋಟ ಒಟ್ಟಿಗೆ ಸಿಮೆಂಟಿನ ನೆಲದ ಮೇಲೆ ಕುಸಿದವು. ಆ ಸದ್ದಿಗೆ ಅಮಿತ್ ಗೇಟಿನೊಳಗೆ ಓಡಿ ಬಂದ.

"ಅದು ಮನೆ ವಿಷಯ! ಗೇಟಿನ ಒಳಗೆ ನಾನು ಯಾರನ್ನಾದರೂ ಮುಟ್ಟಿದ್ದೀನಾ? ಹೇಳಿ! ಗೇಟಿನ ಒಳಗೆ?" ಎಂದು ನಾಗಮಣಿ ಕೂಗುತ್ತಿದ್ದಳು.

ಪಾಟಿ ಗೋಡೆಯ ಹತ್ತಿರ ಹೋಗಿ, ಬರೆದದ್ದರ ಮೇಲೆ ಬೆರಳಿಟ್ಟು ಮೊದಲಿನಿಂದ ಕೊನೆಯವರೆಗೆ ಮೆಲ್ಲಗೆ ಓದಿದಳು. "ಗೇಟು ಅಂತ ಎಲ್ಲೂ ಇಲ್ಲ ನಾಗಮಣಿ. ನೀನೇ ಬರೆಸಿದ್ದು."

ಒಂದು ಲೋಟ ಉರುಳುತ್ತ ಉರುಳುತ್ತ ಎಂಜಲು ತೊಟ್ಟಿಯ ಬುಡಕ್ಕೆ ಹೋಗಿ ತಗುಲಿತು.

ಸಮೀಕ್ಷಾ ಅಳುತ್ತಿದ್ದಳು. ಸಿಟ್ಟಿನ ಅಳು. "ನಿಮ್ಮನೆ ಗಲಾಟೇಲಿ ನಮ್ಮ ಕೆಲಸ ಹೋಯ್ತು. ನಾನು ಎಷ್ಟು ಸಲ ಇಲ್ಲ ಅಂದಿದ್ದೀನಿ ಗೊತ್ತೇನೇ ನಿಂಗೆ? ಕಣ್ಣು ಊದಿಸಿಕೊಂಡು ಬಂದು ಇಲ್ಲ ಅಂದಿದ್ದೀನಿ. ನೀನೂ ಒಂದು ಸಲ ಇಲ್ಲ ಅಂದಿದ್ರೆ ಏನಾಗ್ತಿತ್ತು?"

ನಂದಿತಾ ಎದ್ದು, ಚೆಲ್ಲಿದ್ದ ಲೋಟಗಳನ್ನು ಎಡಗೈಯಲ್ಲಿ ಆರಿಸತೊಡಗಿದಳು. ಸ್ವಲ್ಪ ಹೊತ್ತಿಗೆ ಬೇರೆಯವರೂ ಬಾಗಿದರು. ಎಲ್ಲವನ್ನೂ ಮತ್ತೆ ತೊಳೆಯಬೇಕಾಗಿತ್ತು. ಅಮಿತ್ ಅವಳನ್ನೇ ನೋಡುತ್ತ ಹಿಂದಕ್ಕೆ ನಡೆದು ವ್ಯಾನು ಹತ್ತಿದ. ನಾಗಮಣಿ ತನ್ನ ಲೋಟ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ, ಸೆರಗಿನಲ್ಲಿ ಸುತ್ತಿಕೊಂಡು ಹೊರಟಳು.

ಐದೂವರೆಗೆ ನಂದಿತಾ ಪಾಟಿಯ ಜೊತೆ ಮನೆಯ ಓಣಿಗೆ ಬಂದಾಗ ಪೆಟ್ಟಿಗೆ ಬೀದಿಯಲ್ಲಿತ್ತು. ಬೀಗ ಒಡೆದು, ಎರಡು ಸೀರೆ ಮಣ್ಣಿನಲ್ಲಿ ಬಿದ್ದಿದ್ದವು. ಪೆಟ್ಟಿಗೆಯ ಮೇಲೆ ಭೋಜರಾಜ ಕೂತಿದ್ದ. ಅವನ ತುಟಿಯಿಂದ ರಕ್ತ ಸುರಿಯುತ್ತಿತ್ತು.

"ಯಾರಾದರೂ ಎತ್ಕೊಂಡು ಹೋಗ್ತಾರೆ ಅಂತ ಕೂತೆ" ಎಂದ. "ಅವನು ಏಳು ಅಂದ. ಏಳಲ್ಲ ಅಂದೆ."

ಅಮಿತ್ ಬಾಗಿಲಿನಿಂದ ಇಳಿದು ಬಂದ. "ಬಂದ್ಯಾ? ನನ್ನ ಹೆಸರು ಹೇಳಿದ ಬಾಯಿ ಎಲ್ಲಿ, ತೋರಿಸು!" ಪಾಟಿ ಅಡ್ಡ ಬಂದಳು. ಅವನು ಮುದುಕಿಯನ್ನು ಪಕ್ಕಕ್ಕೆ ತಳ್ಳಿ, ಮುಷ್ಟಿಯಿಂದ ನಂದಿತಾಳ ದವಡೆಗೆ ಗುದ್ದಿದ. ಅವಳು ಪೆಟ್ಟಿಗೆಯ ಪಕ್ಕ, ಮಾವನ ಕಾಲಿನ ಹತ್ತಿರ ಬಿದ್ದಳು. ಎರಡನೆಯ ಗುದ್ದಿಗೆ ಕೈ ಎತ್ತಿದಾಗ ನಾಗಮಣಿ ಒಳಗಿನಿಂದ ಬಂದು ಮಗನ ಮುಂದೆ ನಿಂತಳು. ಕೈಯಲ್ಲಿ ಲೋಟ ಇತ್ತು. ಎಸೆಯುವುದಕ್ಕೆಂದೇ ಎತ್ತಿದ್ದಳು.

"ಹೊಡಿ ಅಮ್ಮಾ, ಹೊಡಿ!" ಎಂದು ಅಮಿತ್ ಕಿರುಚಿದ. "ನೀನೇ ತಾನೆ ಕಲಿಸಿದ್ದು? ಅಪ್ಪ ನಿಂಗೆ ಹೊಡೆದ, ನೀನು ನಂಗೆ ಹೊಡೆದೆ. ಬೆಲ್ಟಲ್ಲಿ. ನೆನಪಿದೆಯಾ? ಹೊಡಿ!"

ನಾಗಮಣಿಯ ಕೈ ಮೇಲೆಯೇ ನಿಂತಿತು. ಓಣಿಯ ಬಾಗಿಲುಗಳಲ್ಲೆಲ್ಲ ಜನ. ಇವತ್ತು ಯಾರೂ ಟೀವಿಯ ಸದ್ದು ಏರಿಸಲಿಲ್ಲ. ಕೈ ಮೆಲ್ಲಗೆ ಇಳಿಯಿತು. ಆದರೆ ಅವಳು ಜಾಗ ಬಿಟ್ಟು ಕದಲಲಿಲ್ಲ.

ನಂದಿತಾ ಎದ್ದಳು. ಬಾಯಲ್ಲಿ ಉಪ್ಪು ಉಪ್ಪಾಗಿತ್ತು. ಉಗುಳಿ, ಎಡಗೈ ಚಾಚಿದಳು.

"ವ್ಯಾನಿನ ಕೀ ಕೊಡಿ."

"ಎನ್ನದು? ಏನು?"

"ಕೀ. ವ್ಯಾನು ಸಂಘದ್ದು. ಬೆಳಗ್ಗೆ ಆರಕ್ಕೆ ಮದುವೆಗೆ ಲೋಟ ಹೋಗಬೇಕು. ಬೇರೆ ಡ್ರೈವರ್ ನೋಡ್ಕೋತೀವಿ."

ಅಮಿತ್ ಎಲ್ಲರ ಮುಖ ನೋಡಿದ. ಪಾಟಿ, ಅಮ್ಮ, ಎದುರು ಮನೆಯ ಮೆಟ್ಟಿಲಿನ ಮೇಲೆ ನಿಂತ ಗಂಡಸರು. ಜೇಬಿನಿಂದ ಕೀ ತೆಗೆದು ಮೋರಿಗೆ ಬಿಸಾಕಿದ. ಒಳಗೆ ಹೋಗಿ ಬಾಗಿಲು ಬಡಿದುಕೊಂಡ.

ನಂದಿತಾ ಮೋರಿಯ ಪಕ್ಕದಲ್ಲಿ ಕೂತು ತೋಳಿನವರೆಗೆ ಕೈ ಹಾಕಿದಳು. ಕೆಸರು, ಚಿಪ್ಪು, ಪ್ಲಾಸ್ಟಿಕ್ಕಿನ ಕವರು. ಆಮೇಲೆ ಕೀ.

ಪೆಟ್ಟಿಗೆಗೆ ಎರಡು ಹಿಡಿ. ಒಂದನ್ನು ಅವಳು ಎಡಗೈಯಲ್ಲಿ ಹಿಡಿದಳು. ಇನ್ನೊಂದನ್ನು ಹಿಡಿಯಲು ಭೋಜರಾಜನ ಬಲಗೈಗೆ ಬೆರಳು ಸಾಲುತ್ತಿರಲಿಲ್ಲ, ಪಾಟಿಗೆ ಸೊಂಟವಿರಲಿಲ್ಲ. ನಾಗಮಣಿ ಲೋಟವನ್ನು ಗಂಡನ ಕೈಗೆ ಕೊಟ್ಟು ಬಾಗಿ ಹಿಡಿದಳು. ಇಬ್ಬರೂ ಪಾಟಿಯ ಹಿಂದೆ ನಡೆದರು. ಪಾಟಿಯ ಮನೆ ಮೂರು ಓಣಿ ಆಚೆಗೆ. ದಾರಿಯಲ್ಲಿ ಎರಡು ಸಲ ಇಳಿಸಿ ದಣಿವಾರಿಸಿಕೊಂಡರು.

ಪಾಟಿಯ ಹೊಸ್ತಿಲಲ್ಲಿ ಪೆಟ್ಟಿಗೆ ಇಳಿಸಿದ ಮೇಲೆ ನಾಗಮಣಿ ಕೇಳಿದಳು, "ನಾನೂ ಇವತ್ತೊಂದು ದಿನ ಇಲ್ಲೇ ಇರಲಾ? ನಿನ್ನ ಬೆರಳಿಗೆ ಅರಿಶಿನ ಕಟ್ಟಬೇಕಲ್ಲ."

"ಬೇಡ" ಎಂದಳು ನಂದಿತಾ.

ನಾಗಮಣಿ ತಲೆಯಾಡಿಸಿದಳು. ತಿರುಗಿ ನಾಲ್ಕು ಹೆಜ್ಜೆ ಹೋಗಿದ್ದಳು.

"ನಾಗಮಣಿಯಮ್ಮ."

ಅವಳು ನಿಂತಳು.

"ನಾಳೆ ಏಳು ಗಂಟೆಗೆ ಬನ್ನಿ. ಎಂಜಲು ತೊಟ್ಟಿ ನಿಮ್ಮ ಸರದಿ."